ನಾ ಬರೂತನಕ ಹಿಡಕೋರಿ

ಮೂಡಲಗಿ
೧೧ ಮಾರ್ಚ್ ೨೦೨೪

ಕಾಶೆವ್ವ ಅಕ್ಕಾ ಅವರಿಗೆ ಪಾರವ್ವ ಮಾಡುವ ಶರಣು.

ಗುರುತು ಸಿಕ್ಕಿತೋ ಇಲ್ಲವೋ. ಜನವರಿಯಲ್ಲಿ ಗೋಕಾಕದ ಕಣ್ಣಿನ ಶಿಬಿರದಲ್ಲಿ ನಿಮ್ಮ ಬಾಜೂ ಮಂಚದ ಮೇಲೆ ಕೂತು ಬೆಳಗಿನಿಂದ ಸಂಜೆಯವರೆಗೆ ಬಾಯಿ ಮುಚ್ಚದೆ ಮಾತಾಡಿದ ಹೆಂಗಸು ನಾನೇ. ಮೂವತ್ತು ವರ್ಷ ಅಂಗನವಾಡಿಯಲ್ಲಿ ಮಕ್ಕಳನ್ನು ಆಡಿಸಿದವಳು, ಸುಮ್ಮನಿರುವುದು ಎಲ್ಲಿಂದ ಬರಬೇಕು? ಹೊರಡುವಾಗ ನೀವು ಔಷಧದ ಚೀಟಿಯ ಹಿಂದೆ ನಿಮ್ಮ ವಿಳಾಸ ಬರೆದುಕೊಟ್ಟಿದ್ದಿರಿ, ಪಿನ್‌ಕೋಡ್ ಸಮೇತ. "ಪಿನ್‌ಕೋಡ್ ಇಲ್ಲದ ವಿಳಾಸ ಅಂದ್ರ ಬಾಗಲಾ ಇಲ್ಲದ ಮನಿ" ಎಂದಿರಿ. ನಾನು ನಕ್ಕಿದ್ದೆ. ಈಗ ಅದೇ ಚೀಟಿಯನ್ನು ಮುಂದಿಟ್ಟುಕೊಂಡು ಕೂತಿದ್ದೇನೆ.

ಈ ಸಂಗತಿ ಫೋನಿನಲ್ಲಿ ಆಡುವಂಥದ್ದಲ್ಲ. ನಮ್ಮ ಮನೆಯಲ್ಲಿ ಫೋನು ಒಬ್ಬರದು, ಕಿವಿ ಎಲ್ಲರವು. ಅದಕ್ಕೆ ಬರೆಯುತ್ತಿದ್ದೇನೆ, ಗಾಬರಿಯಾಗಬೇಡಿ.

ಅಕ್ಕಾ, ನನ್ನ ಕೊರಳಲ್ಲಿರುವುದು ನಿಮ್ಮ ಲಿಂಗ. ನಿಮ್ಮ ಕೊರಳಲ್ಲಿರುವುದು ನನ್ನದು.

ಅವತ್ತು ಒಳಗೆ ಪೇಷಂಟುಗಳನ್ನು ಬಿಟ್ಟು ಯಾರನ್ನೂ ಬಿಡುತ್ತಿರಲಿಲ್ಲ. ಆಪರೇಷನ್‌ಗೆ ಕರೆದಾಗ, ಮೈಮೇಲಿನದನ್ನೆಲ್ಲ ಡಬ್ಬಿಯಲ್ಲಿ ಹಾಕಿ, ನಂಬರ್ ಬರೆದಿಡುತ್ತೇವೆ ಎಂದರು. ಬಳೆ, ಓಲೆ ಹಾಕಿದೆ. ದೀಕ್ಷೆಯಾದ ದಿನದಿಂದ ಎದೆಯಿಂದ ಅಗಲದ ಇಷ್ಟಲಿಂಗವನ್ನು ಹೇಗೆ ಡಬ್ಬಿಗೆ ಹಾಕಲಿ? ನಿಮ್ಮ ಎದೆಯ ಮೇಲೂ ಲಿಂಗದ ಬೆಳ್ಳಿಯ ಕರಡಿಗೆ ಕಂಡಿತು. ಬಿಚ್ಚಿ ನಿಮ್ಮ ಅಂಗೈಗೆ ಕೊಟ್ಟು, "ಅಕ್ಕಾರ, ನಾ ಬರೂತನಕ ಹಿಡಕೋರಿ" ಎಂದೆ. "ಹೋಗಿ ಬರ್ರಿ, ಕೈ ಬಿಡಂಗಿಲ್ಲ" ಎಂದಿರಿ. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ನಾನು ಹೊರಬರುವುದಕ್ಕೂ ನಿಮ್ಮನ್ನು ಕರೆಯುವುದಕ್ಕೂ ಸರಿಹೋಯಿತು. ನನ್ನದನ್ನು ಬಲಗೈಗೆ, ನಿಮ್ಮದನ್ನು ಎಡಗೈಗೆ ಕೊಟ್ಟು ಹೋದಿರಿ. ಅರ್ಧ ಗಂಟೆ ಹಾಗೇ ಕೂತಿದ್ದೆ. ಮೂಗು ತುರಿಸಿದರೂ ಕೈ ಎತ್ತಲಿಲ್ಲ. ಆಮೇಲೆ ಎಲ್ಲಿ ಅದಲುಬದಲಾಯಿತೋ ಶಿವನೇ ಬಲ್ಲ. ಕರಡಿಗೆಗಳೆರಡೂ ಗೋಕಾಕದ ಒಂದೇ ಅಂಗಡಿಯಲ್ಲಿ ಹುಟ್ಟಿದ ಅವಳಿ ಮಕ್ಕಳ ಹಾಗಿವೆ.

ಮೊನ್ನೆ ಹೊಸ ಚಶ್ಮಾ ಬಂತು. ಹಾಕಿಕೊಂಡು ಪೂಜೆಗೆ ಕೂತರೆ, ನನ್ನ ಲಿಂಗದ ಅಂಚಿನಲ್ಲಿದ್ದ ಅಕ್ಕಿಕಾಳಿನಷ್ಟು ಮುಕ್ಕು ಕಾಣಲಿಲ್ಲ. ಮದುವೆಯಾದ ಹೊಸದರಲ್ಲಿ, ಅತ್ತೆ ಕೂಗಿದರೆಂದು ಎದ್ದು ಓಡುವಾಗ ಬೀಳಿಸಿ ಮಾಡಿಕೊಂಡ ಮುಕ್ಕು ಅದು. ಇದು ನುಣ್ಣಗೆ ನೇರಳೆ ಹಣ್ಣಿನ ಹಾಗಿದೆ.

ನಮ್ಮ ಯಜಮಾನರು ಗುರುಲಿಂಗಪ್ಪನವರು ಮಠದ ಮನುಷ್ಯ. ಗೊತ್ತಾದರೆ ಮನೆಯಲ್ಲಿ ಪಂಚಾಯತಿಯೇ ಸೇರುತ್ತದೆ. ಏನು ಮಾಡೋಣ ತಿಳಿಸಿ.

ಉತ್ತರದ ದಾರಿ ನೋಡುವ,
ಪಾರವ್ವ


ಹಿನ್ನೀರಿನ ಮನೆ, ತಾಲೂಕು ಹುಕ್ಕೇರಿ
೨೦ ಮಾರ್ಚ್ ೨೦೨೪

ಪಾರವ್ವ ಅವರಿಗೆ ಶರಣು.

ಪತ್ರ ಮುಟ್ಟಿತು. ಇಪ್ಪತ್ತೊಂಬತ್ತು ವರ್ಷ ನಾನು ಹಳ್ಳಿಯ ಅಂಚೆ ನಡೆಸಿದವಳು. ಠಸ್ಸೆ ಹೊಡೆದು ಊರವರ ಪತ್ರವನ್ನು ಊರವರಿಗೆ ಕೊಟ್ಟೆ. ನನ್ನ ಹೆಸರಿಗೆ ಪತ್ರ ಬಂದದ್ದು ಇದೇ ಮೊದಲು. ತಮ್ಮ ಅಣ್ಣಾಸಾಹೇಬ ಅದನ್ನು ಹಿಡಿದುಕೊಂಡು ಬಾಗಿಲಲ್ಲೇ ನಿಂತುಬಿಟ್ಟ. "ಅಕ್ಕಾ, ಕೋರ್ಟಿಂದೇನ?" ಎಂದ. ಅಲ್ಲ, ಗೆಳತಿಯದು ಎಂದೆ. ಹಾಗೆ ಅಂದದ್ದಕ್ಕೆ ಸಿಟ್ಟಾಗಬೇಡಿ.

ಬದಲಾದದ್ದು ನನಗೆ ಮೂರನೆಯ ದಿನವೇ ಗೊತ್ತಾಯಿತು. ನನ್ನದು ತುಸು ಭಾರ. ಅಂಗೈ ಸುಳ್ಳು ಹೇಳುವುದಿಲ್ಲ. ನಿಮ್ಮ ಮುಕ್ಕು ಹೆಬ್ಬೆರಳಿಗೆ ಸಿಗುತ್ತದೆ. ನಿಮ್ಮ ವಿಳಾಸ ನನ್ನ ಹತ್ತಿರ ಇರಲಿಲ್ಲ. ಇದ್ದಿದ್ದರೂ ಬರೆಯುತ್ತಿದ್ದೆನೋ ಇಲ್ಲವೋ. ಯಾಕೆ ಎಂದು ಕೇಳಬೇಡಿ.

ಈಗ ಬಿಸಿಲು ಬಹಳ. ಬಸ್ಸಿನಲ್ಲಿ ಬಂದರೆ ಕಣ್ಣಿಗೆ ಧೂಳು. ಮಳೆ ಬೀಳಲಿ, ನೋಡೋಣ. ನಿಮ್ಮದು ಇಲ್ಲಿ ಕ್ಷೇಮವಾಗಿದೆ.

ಕಾಶೆವ್ವ


ಮೂಡಲಗಿ
೨ ಏಪ್ರಿಲ್ ೨೦೨೪

ಕಾಶೆವ್ವ ಅಕ್ಕಾ,

ನಿಮ್ಮ ಪತ್ರ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿದೆ. ಬೇಕು ಎನ್ನುತ್ತೀರೋ, ಬೇಡ ಎನ್ನುತ್ತೀರೋ ಒಂದೂ ತಿಳಿಯಲಿಲ್ಲ. ಆದರೆ "ಯಾಕೆ ಎಂದು ಕೇಳಬೇಡಿ" ಎಂಬ ಮಾತು ಓದಿ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಆಯಿತು ನನಗೆ. ಯಾಕೆಂದರೆ ಮೊನ್ನೆ ಚಶ್ಮಾ ಬಂತು ಎಂದು ಬರೆದದ್ದು ಸುಳ್ಳು. ಚಶ್ಮಾ ಬಂದದ್ದು ಫೆಬ್ರುವರಿ ಇಪ್ಪತ್ತಕ್ಕೆ. ಇಪ್ಪತ್ತು ದಿನ ಗೊತ್ತಿದ್ದೂ ಬಾಯಿ ಬಿಡಲಿಲ್ಲ.

ನನ್ನ ಪೂಜೆ ಹೇಗಿತ್ತು ಎಂದು ಹೇಳಬೇಕು. ನಲವತ್ತಾರು ವರ್ಷದಿಂದ ಬೆಳಗ್ಗೆ ಐದೂವರೆಗೆ ಕೂರುತ್ತೇನೆ. ವಿಭೂತಿ ಹಚ್ಚಿ, ಪತ್ರಿ ಏರಿಸಿ, ಲಿಂಗ ಅಂಗೈಗೆ ಬಂದ ಕೂಡಲೇ ನನ್ನ ಪಟ್ಟಿ ಶುರು. ಮಗ ಮಲ್ಲೇಶನ ನೌಕರಿ ಖಾಯಂ ಆಗಲಿ. ಇವರ ಮೊಣಕಾಲು ನೋವು ಹೋಗಲಿ. ಎಮ್ಮೆ ಈ ಸಲ ಹೆಣ್ಣುಗರು ಹಾಕಲಿ. ಮಗಳು ಶೈಲಾ ಘಟಪ್ರಭಾದ ಆಸ್ಪತ್ರೆಯಲ್ಲಿ ಲ್ಯಾಬ್ ಕೆಲಸ ಮಾಡುತ್ತಾಳೆ. ಮೂವತ್ತಾರು ವರ್ಷ. ಮದುವೆ ಮಾತು ಎತ್ತಿದರೆ "ಅವ್ವಾ, ನನಗ ಈಗ ಏನ್ ಕಮ್ಮಿ ಐತಿ?" ಎನ್ನುತ್ತಾಳೆ. ಅವಳಿಗೆ ಏನು ಕಡಿಮೆ ಎಂದು ಅವಳ ಪರವಾಗಿ ನಾನೇ ಅಂಗೈಯ ಲಿಂಗಯ್ಯನಿಗೆ ವಿವರಿಸಬೇಕು. ಅಷ್ಟರಲ್ಲಿ ಕುಕ್ಕರ್ ಕೂಗುತ್ತದೆ, ಎದ್ದೆ. ಇದೇ ನನ್ನ ಶಿವಯೋಗ.

ಆಪರೇಷನ್ ಆದ ಮೇಲೆ ಕರೀ ಚಶ್ಮಾ ಹಾಕಿಕೊಂಡೇ ಪೂಜೆಗೆ ಕೂತೆ. "ಸಿನೇಮಾದಾಕಿ ಕುಂತಂಗ ಕುಂತೀಯಲ್ಲ" ಎಂದು ಇವರು ನಕ್ಕರು. ಒಲೆಯ ಹತ್ತಿರ ಹೋಗುವ ಹಾಗಿಲ್ಲ, ಬಾಗುವ ಹಾಗಿಲ್ಲ, ಯಾರೂ ಕರೆಯಲಿಲ್ಲ. ಅಂಗೈಯ ಮೇಲೆ ಕಪ್ಪನೆಯ ಗುಂಡು, ಅದರ ನೆತ್ತಿಯಲ್ಲಿ ಕಿಟಕಿಯ ಬೆಳಕು ಸಾಸಿವೆಯಷ್ಟು. ನೋಡುತ್ತಾ ಹೋದೆ. ಬೆಳಕು ಅಲ್ಲೇ ಇತ್ತು, ನಾನು ಮಾತ್ರ ಎಲ್ಲೋ ಹಗುರಾಗಿ ಹೋದೆ. ಕಬ್ಬಿನ ಟ್ರ್ಯಾಕ್ಟರು ಹಾಡು ಹಾಕಿಕೊಂಡು ಹೋದದ್ದು ಕೇಳಿಸಿತು. ಡೇರಿಯ ಕ್ಯಾನು ಸದ್ದು ಮಾಡಿದ್ದು ಕೇಳಿಸಿತು. ಯಾವುದೂ ನನ್ನನ್ನು ಹಿಡಿದು ಎಳೆಯಲಿಲ್ಲ. ಮೈಮೇಲೆ ಎಚ್ಚರ ಬಂದಾಗ ಬಿಸಿಲು ತೊಡೆಯ ಮೇಲೆ ಬಂದಿತ್ತು.

ದಿನಾ ಹೀಗೇ ಆಯಿತು. ಬದಲಾದದ್ದು ಗೊತ್ತಾದ ಮೇಲೂ ಆಯಿತು. ಈಗ ನನ್ನ ಪಟ್ಟಿ ತೆಗೆಯಲು ಸಂಕೋಚ. ನಿಮ್ಮ ಲಿಂಗಕ್ಕೆ ನಮ್ಮ ಎಮ್ಮೆಯ ಗೊಡವೆ ಯಾಕೆ?

ಅಕ್ಕಾ, ನಿಮ್ಮದು ಸಿದ್ಧಿಯಾದ ಲಿಂಗ ಇರಬೇಕು. ಎಷ್ಟು ವರ್ಷದ ತಪಸ್ಸು ಅದರ ಮೇಲಿದೆ? ಅರವತ್ತೇಳು ವರ್ಷಕ್ಕೆ ಒಮ್ಮೆ ಸಿಕ್ಕ ಸಮಾಧಾನ ಇದು. ಕೊಟ್ಟರೆ ಹೋಗುತ್ತದೆ ಎಂದು ಭಯವಾಗುತ್ತದೆ. ಬಿಚ್ಚಿ ಹೇಳುತ್ತೇನೆ, ವಾಪಸ್ ಕೊಡಲು ನನಗೆ ಮನಸ್ಸಿಲ್ಲ. ಇದು ಪಾಪವೇ?

ನಿಮ್ಮ ಕಳ್ಳ ತಂಗಿ,
ಪಾರವ್ವ


ಹಿನ್ನೀರಿನ ಮನೆ, ತಾಲೂಕು ಹುಕ್ಕೇರಿ
೧೯ ಮೇ ೨೦೨೪

ತಂಗಿ ಪಾರವ್ವಗೆ,

ತಡವಾಯಿತು. ತಪಸ್ಸು ಎಂದು ಬರೆದಿದ್ದಿರಿ. ಓದಿ ನಕ್ಕೆ. ಆಮೇಲೆ ಬಹಳ ದಿನ ಪೆನ್ನು ಮುಟ್ಟಲು ಆಗಲಿಲ್ಲ.

ನಮ್ಮ ಮನೆಯವರು ತೊಂಬತ್ಮೂರರ ಶ್ರಾವಣದಲ್ಲಿ ಕೊಲ್ಲಾಪುರಕ್ಕೆ ಹೋಗಿ ಬರುತ್ತೇನೆಂದು ಹೋದರು. ಪಂಪಿನ ಸಾಮಾನು ತರುವುದಿತ್ತು. ಕೊಡೆ ಒಯ್ದರು. ಬರಲಿಲ್ಲ. ಜಗಳವಾಗಿರಲಿಲ್ಲ. ಹುಡುಕದ ಕಡೆ ಇಲ್ಲ. ದಿನಾ ಟಪಾಲು ಚೀಲ ಬಿಚ್ಚುವಾಗ ಮೊದಲು ಅವರ ಅಕ್ಷರ ಹುಡುಕುತ್ತಿದ್ದೆ, ಆಮೇಲೆ ಊರವರ ಪತ್ರ ವಿಂಗಡಿಸುತ್ತಿದ್ದೆ. ರಿಟೈರ್ ಆಗುವ ದಿನವೂ ಹುಡುಕಿದೆ.

ಬೆಳಗ್ಗೆ ಲಿಂಗ ಅಂಗೈಗೆ ಬಂದರೆ ನನ್ನದು ಒಂದೇ ಪ್ರಶ್ನೆ. ಎಲ್ಲಿದ್ದಾನೆ? ಹೇಳು. ಉತ್ತರ ಬರದಿದ್ದರೆ ಬೈಗುಳ. ಬೈದು ಮುಗಿದ ಮೇಲೆ ಅಳು. ನಿಮಗೆ ಸಮಾಧಾನ ಕೊಟ್ಟ ಲಿಂಗದ ಮೇಲೆ ಮೂವತ್ತು ವರ್ಷ ನಾನು ಮಾಡಿದ್ದು ಇಷ್ಟೇ. ಅದು ನೇರಳೆ ಹಣ್ಣಿನ ಹಾಗೆ ನುಣ್ಣಗಿದೆ ಎಂದಿರಿ. ಯಾವ ನೀರಿನಿಂದ ಎಂದು ನೀವೇ ತಿಳಿದುಕೊಳ್ಳಿ.

ಜನವರಿಯ ಆ ಮೂರನೆಯ ದಿನ ಬೈಯಲು ಬಾಯಿ ತೆರೆದೆ. ಅಂಗೈ ಹಗುರಾಗಿತ್ತು. ಇದು ನನ್ನದಲ್ಲ ಎಂದು ತಿಳಿಯಿತು. ಮಂದಿಯ ದೇವರನ್ನು ಹೇಗೆ ಬೈಯಲಿ? ಇನ್ನೊಬ್ಬರ ಮನೆಗೆ ಹೋದಾಗ ಕಾಲು ಮಡಚಿ ಕೂರುವ ಹಾಗೆ ಸುಮ್ಮನೆ ಕೂತೆ. ಮಾತಿಲ್ಲದೆ ಇದ್ದಾಗ ಬೆಳಗಾಗುವುದು ಕಂಡಿತು. ಹಿಡಕಲ್ ಅಣೆಕಟ್ಟಿನ ಹಿನ್ನೀರು ನಮ್ಮ ಹಿತ್ತಿಲಿನವರೆಗೆ ಬರುತ್ತದೆ. ಮೊದಲು ನೀರು ಬೂದಿಯ ಬಣ್ಣ, ಆಮೇಲೆ ಹಾಲಿನ ಬಣ್ಣ, ಆಮೇಲೆ ಬಣ್ಣವೇ ಇಲ್ಲ. ಮೀನುಗಾರರ ತೆಪ್ಪ ಸದ್ದಿಲ್ಲದೆ ಹೋಗುತ್ತದೆ. ಮೂವತ್ತು ವರ್ಷ ಇದೇ ಜಾಗದಲ್ಲಿ ಕೂತವಳು ಇದನ್ನು ನೋಡಿರಲಿಲ್ಲ. ನಿಮಗೆ ತಿಳಿಸದಿದ್ದುದು ಇದಕ್ಕೇ. ನಾನೂ ಕಳ್ಳಿಯೇ.

ಆದರೂ ನನ್ನದು ನನಗೆ ಬೇಕು. ನಾನು ಹೋದಾಗ ಅಂಗೈಯಲ್ಲಿಟ್ಟು ಮಣ್ಣು ಕೊಡುತ್ತಾರೆ. ನನ್ನ ಬೈಗುಳ ಕೇಳಿದ ಲಿಂಗವೇ ಜೊತೆಗೆ ಬರಬೇಕು. ನಿಮ್ಮ ಎಮ್ಮೆಯ ಕಥೆ ಗೊತ್ತಿರುವುದು ನಿಮ್ಮ ಜೊತೆ ಹೋಗಬೇಕು. ಜುಲೈ ಹದಿನಾಲ್ಕು ಭಾನುವಾರ. ಗೋಕಾಕ ಇಬ್ಬರಿಗೂ ನಡುವೆ. ಹನ್ನೊಂದಕ್ಕೆ ಬಸ್‌ಸ್ಟ್ಯಾಂಡಿನಲ್ಲಿ ಇರುತ್ತೇನೆ.

ಅಕ್ಕ,
ಕಾಶೆವ್ವ


ಮೂಡಲಗಿ
೨೩ ಜುಲೈ ೨೦೨೪

ಕಾಶೆವ್ವ ಅಕ್ಕಾ,

ಮನೆ ಮುಟ್ಟಿದಿರಾ? ಒಂಬತ್ತು ದಿನವಾಯಿತು. ಸಿಟ್ಟಿನಲ್ಲಿ ಬರೆಯಬಾರದೆಂದು ತಡೆದಿದ್ದೆ. ಸಿಟ್ಟು ಹೋಗಲಿಲ್ಲ, ಬರೆಯುತ್ತಿದ್ದೇನೆ.

ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ ನೀವು ಕೊಡೆ ಹಿಡಿದು ನಿಂತದ್ದು ದೂರದಿಂದಲೇ ಕಂಡಿತು. ಹಣೆಯ ಮೇಲೆ ಕಾಸಿನಗಲ ಕುಂಕುಮ. ಅದನ್ನು ಕಂಡು ನಾನು ತಯಾರು ಮಾಡಿಕೊಂಡು ಬಂದಿದ್ದ ಮಾತೆಲ್ಲ ಒಳಗೇ ಉಳಿಯಿತು. ಇಲ್ಲಿ ಬೇಡ, ಗೋಕಾಕ ಫಾಲ್ಸಿಗೆ ಹೋಗೋಣ ಎಂದವರು ನೀವು. ಆಟೋದವನು, "ಇಬ್ಬರೂ ಅಕ್ಕ ತಂಗಿ ಏನ್ರಿ?" ಎಂದ. ನೀವು ಹ್ಞೂಂ ಎಂದಿರಿ.

ನದಿ ತುಂಬಿ ಕೆಂಪಗೆ ಬೀಳುತ್ತಿತ್ತು. ಆ ಹಳೆಯ ಕಲ್ಲಿನ ಗುಡಿಯ ಮೆಟ್ಟಿಲ ಮೇಲೆ ಕೂತರೆ ಹೊಗೆಯ ಹಾಗೆ ಹನಿ ಬಂದು ಚಶ್ಮಾ ಮುಚ್ಚಿತು. ನೀರಿನ ಅಬ್ಬರದಲ್ಲಿ ನನ್ನ ಮಾತು ನನಗೇ ಕೇಳಿಸಲಿಲ್ಲ. ಜೀವನದಲ್ಲಿ ಮೊದಲ ಸಲ ಸೋತು ಬಾಯಿ ಮುಚ್ಚಿದೆ. ನಿಮ್ಮದನ್ನು ನಿಮ್ಮ ಅಂಗೈಗೆ ಇಟ್ಟಾಗ ನೀವು ಅದನ್ನು ಕಣ್ಣಿಗೆ ಒತ್ತಿಕೊಂಡಿರಿ, ಎಷ್ಟು ಹೊತ್ತು! ನನ್ನದನ್ನು ಕೊಡುವಾಗ ಏನೋ ಅಂದಿರಿ. ಕೇಳಿಸಲಿಲ್ಲ. ಏನಂದಿರಿ?

ಮಾರನೆಯ ಬೆಳಗ್ಗೆ ಐದೂವರೆಗೆ ಕೂತೆ. ಹೆಬ್ಬೆರಳಿಗೆ ಮುಕ್ಕು ಸಿಕ್ಕಿತು. ಸಿಕ್ಕಿದ್ದೇ ತಡ, ಕಟ್ಟೆ ಒಡೆದ ಹಾಗೆ ಎಲ್ಲ ನುಗ್ಗಿತು. ಆರು ತಿಂಗಳಿನ ಬಾಕಿ ಪಟ್ಟಿ! ಮಲ್ಲೇಶ, ಮೊಣಕಾಲು, ಶೈಲಾ. ಎಮ್ಮೆ ಗಂಡುಗರು ಹಾಕಿದೆ, ಅದರ ತಕರಾರು ಬೇರೆ. ಒಂಬತ್ತು ದಿನವೂ ಇದೇ. ನಿನ್ನೆ ಪೂಜೆಯ ನಡುವೆ ಎದ್ದು ಹೋಗಿ ಶೋಭಾಳಿಗೆ "ಕುಕ್ಕರ್ ಎಷ್ಟ ಸಲ ಒದರಸ್ತಿ?" ಎಂದು ಬೈದೆ. ಸೊಸೆ ಮುಖ ಸಣ್ಣದು ಮಾಡಿಕೊಂಡಳು. ಅವಳು ಪೂಜೆಯ ಹೊತ್ತಿಗೆ ಸದ್ದಾಗಬಾರದೆಂದು ಅವತ್ತು ಕುಕ್ಕರನ್ನೇ ಇಟ್ಟಿರಲಿಲ್ಲ. ಕೂಗಿದ್ದು ಪಕ್ಕದ ಮನೆಯದು.

ಕೊಟ್ಟು ಕೆಟ್ಟೆ ಅಕ್ಕಾ. ನೀವು ಕೇಳಬಾರದಿತ್ತು, ನಾನು ಕೊಡಬಾರದಿತ್ತು. ಸಮಾಧಾನವನ್ನು ಕರಡಿಗೆಯ ಸಮೇತ ಒಯ್ದಿರಿ.

ಇಷ್ಟು ಬರೆದ ಮೇಲೆ ಇನ್ನೊಂದು ಯಾಕೆ ಮುಚ್ಚಿಡಲಿ? ಶಿವನೇ ಬಲ್ಲ ಎಂದಿದ್ದೆನಲ್ಲ, ಶಿವನ ಜೊತೆ ನಾನೂ ಬಲ್ಲೆ. ಅವತ್ತು ಶಿಬಿರದಲ್ಲಿ ಎರಡೂ ಕೈಯಲ್ಲಿ ಹಿಡಿದು ಕೂತಿದ್ದಾಗ ಚಹಾ ತಂದರು. ಬೆಳಗಿನಿಂದ ಉಪವಾಸ. ಏಲಕ್ಕಿ ವಾಸನೆ ಮೂಗಿಗೆ ಬಡಿಯಿತು. ಎರಡನ್ನೂ ಮಡಿಲಲ್ಲಿ ಹಾಕಿಕೊಂಡು ಗ್ಲಾಸು ಹಿಡಿದೆ, ತುಸು ಚೆಲ್ಲಿತು. ಕುಡಿದು ನೋಡಿದರೆ ಯಾವುದು ಯಾರದು? ಒಂದು ಕಣ್ಣಿಗೆ ಪಟ್ಟಿ, ಇನ್ನೊಂದಕ್ಕೆ ಪೊರೆ. ಅಂದಾಜಿನಲ್ಲಿ ಕೊಟ್ಟೆ. ಎಲ್ಲದಕ್ಕೂ ಕಾರಣ ನನ್ನ ಒಂದು ಗ್ಲಾಸು ಚಹಾ.

ಬೇಕಾದರೆ ಬೈಯಿರಿ.

ಪಾರವ್ವ


ಹಿನ್ನೀರಿನ ಮನೆ, ತಾಲೂಕು ಹುಕ್ಕೇರಿ
೮ ಆಗಸ್ಟ್ ೨೦೨೪

ತಂಗಿ ಪಾರವ್ವಗೆ,

ಮಳೆಗೆ ರಸ್ತೆ ಕೆಟ್ಟು ಟಪಾಲು ತಡವಾಯಿತು. ಚಹಾ ಚೆಲ್ಲಿದ್ದು ಗೊತ್ತಿತ್ತು. ಮನೆಗೆ ಬಂದು ಕರಡಿಗೆ ತೆರೆದಾಗ ಲಿಂಗವಸ್ತ್ರ ಅಂಟಂಟಾಗಿತ್ತು, ಏಲಕ್ಕಿ ವಾಸನೆ ಬಂತು. ಬೈಯುವುದನ್ನು ಬಿಟ್ಟಿದ್ದೇನೆ, ಅದಕ್ಕೆ ನೀವು ಉಳಿದಿರಿ.

ನನ್ನ ಮೊದಲ ಬೆಳಗೂ ನಿಮ್ಮ ಹಾಗೇ ಆಯಿತು. ಕೈ ಭಾರವಾದ ಕೂಡಲೇ, ಎಲ್ಲಿದ್ದಾನೆ ಎಂದು ಕೇಳಿಯೇಬಿಟ್ಟೆ. ಕೇಳಿ ನಾಲಿಗೆ ಕಚ್ಚಿಕೊಂಡೆ. ಮಾರನೆಯ ದಿನ ಬೇರೆ ಉಪಾಯ ಮಾಡಿದೆ. ಅದನ್ನು ಹೇಳುವ ಮೊದಲು ನೀವು ಒಂದಕ್ಕೆ ಉತ್ತರ ಹುಡುಕಿ. ಶಿಬಿರದಲ್ಲಿ ಚಹಾ ಬರುವ ಮೊದಲು ಅರ್ಧ ಗಂಟೆ ಎರಡೂ ಕೈ ಹಿಡಿದು ಕೂತಿದ್ದಿರಲ್ಲ, ಆಗ ಎಷ್ಟು ಸಲ ಶೈಲಾ ನೆನಪಾದಳು? ನೀವು ಒಳಗೆ ಹೋದಾಗ ನಿಮ್ಮದನ್ನು ಹಿಡಿದು ನಾನೂ ಕೂತಿದ್ದೆ. ಆ ಹೊತ್ತು ನಮ್ಮ ಮನೆಯವರು ನನಗೆ ನೆನಪಾಗಲಿಲ್ಲ. ಮೂವತ್ತು ವರ್ಷದಲ್ಲಿ ಅದೇ ಮೊದಲು.

ಫಾಲ್ಸಿನಲ್ಲಿ ಏನಂದೆ ಎಂದು ಕೇಳಿದ್ದೀರಿ. ಅವತ್ತು ಆಪರೇಷನ್ ಕೋಣೆಯ ಬಾಗಿಲಲ್ಲಿ ನೀವು ನನಗೆ ಅಂದದ್ದನ್ನೇ ನಾನು ನಿಮಗೆ ಅಂದೆ. ನನ್ನ ಉಪಾಯವೂ ಅದರಲ್ಲೇ ಇದೆ.

ಅಕ್ಕ,
ಕಾಶೆವ್ವ

ಶೋಭಾಳಿಗೆ ಒಂದು ಸೀರೆ ಕೊಡಿಸಿ.


ಮೂಡಲಗಿ
೧೫ ಸೆಪ್ಟೆಂಬರ್ ೨೦೨೪

ಕಾಶೆವ್ವ ಅಕ್ಕಾ,

ನಿಮ್ಮ ಪತ್ರವನ್ನು ಮಡಚಿ ವಿಭೂತಿ ಗಟ್ಟಿಯ ಕೆಳಗೆ ಇಟ್ಟುಕೊಂಡು ಒಂದು ವಾರ ಯೋಚಿಸಿದೆ. ಅಂದದ್ದು ನನ್ನ ಮಾತೇ, ಆದರೂ ನೆನಪಾಗಲು ಅಷ್ಟು ದಿನ ಬೇಕಾಯಿತು. ನಾ ಬರೂತನಕ ಹಿಡಕೋರಿ. ನನ್ನದನ್ನೇ ನನಗೆ ಕೊಡುತ್ತಾ ಹಾಗೆ ಅಂದಿರಾ! ಅಷ್ಟು ನೀರಿನ ಸದ್ದಿನಲ್ಲಿ ಅಂದರೆ ಯಾರಿಗೆ ಕೇಳಿಸಬೇಕು?

ನೆನಪಾದ ಬೆಳಗ್ಗೆ ಕೂತೆ. ಮುಕ್ಕು ಸಿಕ್ಕಿತು, ಪಟ್ಟಿ ಎದ್ದು ನಿಂತಿತು. ಆಗ ಮನಸ್ಸಿನಲ್ಲಿ, ಇದು ಕಾಶೆವ್ವಕ್ಕನದು, ಒಳಗೆ ಹೋಗಿದ್ದಾರೆ, ಬರುವ ತನಕ ನಾನು ಹಿಡಿದಿರಬೇಕು ಎಂದುಕೊಂಡೆ. ಎರಡು ದಿನ ನಗು ಬಂತು. ಮೂರನೆಯ ದಿನ ನಗು ಬರಲಿಲ್ಲ. ಸಾಸಿವೆಯಷ್ಟು ಬೆಳಕು ಮತ್ತೆ ಕಂಡಿತು. ಪಟ್ಟಿ ಇದೆ ಅಕ್ಕಾ, ಎಲ್ಲಿಗೂ ಹೋಗಿಲ್ಲ. ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು ಕೂತ ನೆಂಟರ ಹಾಗೆ ಕೂತಿರುತ್ತದೆ. ಎದ್ದ ಮೇಲೆ ಮಾತಾಡಿಸುತ್ತೇನೆ.

ಮಲ್ಲೇಶನ ನೌಕರಿ ಖಾಯಂ ಆಗಿಲ್ಲ. ಇವರ ಮೊಣಕಾಲು ಹಾಗೇ ಇದೆ. ಬದಲಾದ ಸಂಗತಿಯನ್ನು ಇವರಿಗೆ ಹೇಳಿಬಿಟ್ಟೆ. ಪಂಚಾಯತಿ ಸೇರುತ್ತದೆ ಎಂದುಕೊಂಡಿದ್ದೆ. ಇವರು ಮೊಣಕಾಲು ನೀವಿಕೊಳ್ಳುತ್ತಾ, "ಆ ಅಕ್ಕಾರು ಕೈ ಬಿಡಲಿಲ್ಲಲ್ಲ, ಸಾಕು" ಎಂದರು. ಶೈಲಾ ಕಳೆದ ಭಾನುವಾರ ಬಂದಿದ್ದಳು. ನಾನು ಮದುವೆ ಮಾತು ಎತ್ತಲಿಲ್ಲ. ಸಂಜೆಯ ತನಕ ಕಾದು ಕಾದು ಅವಳೇ, "ಅವ್ವಾ, ಆರಾಮ ಅದೀಯಿಲ್ಲೋ?" ಎಂದು ನನ್ನ ಹಣೆ ಮುಟ್ಟಿ ನೋಡಿದಳು. ಆಮೇಲೆ ನನ್ನ ತೊಡೆಯ ಮೇಲೆ ತಲೆ ಇಟ್ಟು ಮಲಗಿದಳು. ಹತ್ತು ವರ್ಷವಾಗಿತ್ತು ಅವಳು ಹಾಗೆ ಮಲಗಿ.

ನೀವು ನಿಮ್ಮ ಯಜಮಾನರ ಕೊಡೆಯ ಮಾತು ಬರೆದದ್ದು ನನಗೆ ಮರೆತಿಲ್ಲ. ನೀವು ಒಳಗೆ ಹಿಡಿದಿರುವುದನ್ನು ಬೆಳಗಿನ ಆ ಅರ್ಧ ಗಂಟೆ ನಾನು ಇಲ್ಲಿಂದ ಹಿಡಿದಿರುತ್ತೇನೆ. ಅಷ್ಟು ಹೊತ್ತು ನೀವು ಕೈ ಖಾಲಿ ಮಾಡಿಕೊಂಡು ನೀರು ನೋಡಿ.

ಇವತ್ತಿನದು ಹೇಳಿ ಮುಗಿಸುತ್ತೇನೆ. ಶೋಭಾ ಹೊಸ ಸೀರೆ ಉಟ್ಟು ಚಹಾ ತಂದಳು, ಏಲಕ್ಕಿ ಹಾಕಿದ ಚಹಾ. ನನ್ನ ಪೂಜೆ ಮುಗಿಯಿತೆಂದು ಅವಳ ಲೆಕ್ಕ.

"ಅಲ್ಲಿಡವಾ" ಎಂದೆ. "ಕೈಯಾಗ ಮಂದೀದು ಐತಿ."

ಅವಳು ಬಗ್ಗಿ ನನ್ನ ಅಂಗೈ ನೋಡಿದಳು. "ನಿಮ್ದೇ ಐತೆಲ್ಲರಿ ಅತ್ತಿ?" ಎಂದಳು.

ಅವಳು ಗ್ಲಾಸನ್ನು ನೆಲಕ್ಕಿಟ್ಟು, ಸದ್ದಾಗದ ಹಾಗೆ ಬಾಗಿಲು ಎಳೆದುಕೊಂಡು ಹೋದಳು. ಚಹಾ ಆರಿತು. ನಾನು ಕೈ ಬಿಡಲಿಲ್ಲ.

ನಿಮ್ಮ ತಂಗಿ,
ಪಾರವ್ವ